ಕ್ಯಾಟಲಿಸ್ಟ್ ಡಬ್ಬಿಯೊಳಗಿನ ಪಾದರಸ: ಭೋಸರಿಯ ಒಂದು ಆರೋಗ್ಯ ತಪಾಸಣೆಯ ಅನುಭವ

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ, ರಬ್ಬರಿನಂಥ ಪ್ಲಾಸ್ಟಿಕ್ಕಾದ ಪಾಲಿಯುರೆಥೇನ್ ಎರಕ ಹೊಯ್ಯುವ ಮಧ್ಯಮ ಗಾತ್ರದ ಕಾರ್ಖಾನೆಯೊಂದರಲ್ಲಿ ನಾನು ರಸಾಯನ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಕಾಲದ ಅನುಭವವಿದು. ಯಂತ್ರಗಳ ರೋಲರ್, ಟ್ರಾಲಿಯ ಗಾಲಿ, ಕೇಬಲ್ ಜೋಡಣೆಯ ಪೆಟ್ಟಿಗೆಗೆ ಸುರಿಯುವ ರಾಳ ಇವೇ ನಮ್ಮ ಸರಕು. 2017ರ ಬೇಸಿಗೆಯಲ್ಲಿ, ನಮ್ಮಿಂದ ಕೊಂಡ ಬಿಡಿಭಾಗಗಳನ್ನು ಯುರೋಪಿಗೆ ಕಳುಹಿಸುತ್ತಿದ್ದ ಗ್ರಾಹಕರೊಬ್ಬರು ಒಂದು ಘೋಷಣಾ ಪತ್ರಕ್ಕೆ ಸಹಿ ಕೇಳಿದರು. ಆ ವರ್ಷದ ಅಕ್ಟೋಬರ್ 10ರ ನಂತರ ಐದು ಫಿನೈಲ್‌ಮರ್ಕ್ಯುರಿ ಸಂಯುಕ್ತಗಳ ಬಳಕೆಗೆ ಐರೋಪ್ಯ ಒಕ್ಕೂಟದಲ್ಲಿ ನಿರ್ಬಂಧವಿದ್ದು, ಅವುಗಳಿಂದ ಬಂದ ಪಾದರಸ ತೂಕದಲ್ಲಿ ಶೇ. 0.01 ಅಥವಾ ಅದಕ್ಕಿಂತ ಹೆಚ್ಚಿರುವ ವಸ್ತುವನ್ನು ಅಲ್ಲಿ ಮಾರುವಂತಿರಲಿಲ್ಲ. ನಿಮ್ಮ ಮಾಲಿನಲ್ಲಿ ಅದು ಇಲ್ಲವೆಂದು ಬರೆದುಕೊಡಿ ಎಂಬುದು ಅವರ ಬೇಡಿಕೆ.

ಎರಕವನ್ನು ಗಟ್ಟಿಯಾಗಿಸಲು ಬೆರೆಸುವ ನಮ್ಮ ಕ್ಯಾಟಲಿಸ್ಟ್ ಚಿಕ್ಕ ತಗಡಿನ ಡಬ್ಬಿಗಳಲ್ಲಿ ಬರುತ್ತಿತ್ತು. ಮೇಲಿನ ಚೀಟಿಯಲ್ಲಿ ವ್ಯಾಪಾರದ ಹೆಸರು, ಬ್ಯಾಚ್ ನಂಬರ್ ಮತ್ತು ಚರ್ಮಕ್ಕೆ ತಾಗಿಸಬೇಡಿ ಎಂಬ ಒಂದು ಸಾಲು ಬಿಟ್ಟರೆ ಬೇರೇನೂ ಇರಲಿಲ್ಲ. ಸುರಕ್ಷತಾ ಮಾಹಿತಿ ಪತ್ರಕ್ಕಾಗಿ ಡೀಲರ್‌ಗೆ ಮೇಲಿಂದ ಮೇಲೆ ಬರೆದ ಮೇಲೆ ಬಂದ ಹಾಳೆಗಳಲ್ಲಿ ಫಿನೈಲ್‌ಮರ್ಕ್ಯುರಿ ನಿಯೋಡೆಕನೋಯೇಟ್ ಎಂಬ ಹೆಸರು ಸ್ಪಷ್ಟವಾಗಿಯೇ ಇತ್ತು. ಯುರೋಪಿನ ಪಟ್ಟಿಯ ಐದರಲ್ಲಿ ಅದೂ ಒಂದು.

ಈ ಕ್ಯಾಟಲಿಸ್ಟ್ ಎರಕದವರಿಗೆ ಏಕೆ ಅಷ್ಟು ಪ್ರಿಯವಾಗಿತ್ತು ಎಂಬುದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಪಾಲಿಯುರೆಥೇನಿನ ಎರಡು ಮೂಲ ರಾಸಾಯನಿಕಗಳಾದ ಪಾಲಿಯಾಲ್ ಮತ್ತು ಐಸೊಸಯನೇಟ್ ಬೆರೆಸಿದ ಮೇಲೆ ಪಾದರಸದ ಕ್ಯಾಟಲಿಸ್ಟ್ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ. ಮಿಶ್ರಣವನ್ನು ಕಲಕಿ, ಗಾಳಿ ತೆಗೆದು, ದೊಡ್ಡ ಮೋಲ್ಡಿನ ಮೂಲೆಮೂಲೆಗೂ ಹರಿಯಬಿಡಲು ಸಮಯ ಸಿಗುತ್ತದೆ. ಆನಂತರ ಒಮ್ಮೆಗೇ ಗಟ್ಟಿಯಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಗಾಳಿಯಲ್ಲಿನ ತೇವ ಐಸೊಸಯನೇಟಿನೊಡನೆ ಸೇರಿ ಗುಳ್ಳೆ ಏಳಿಸುವ ಕ್ರಿಯೆಯನ್ನು ಅದು ಅಷ್ಟಾಗಿ ಪ್ರಚೋದಿಸುವುದಿಲ್ಲ. ಪುಣೆಯ ಮಳೆಗಾಲದಲ್ಲಿ ಗುಳ್ಳೆಯಿಲ್ಲದ ರೋಲರ್ ತೆಗೆಯುವುದೆಂದರೆ ಏನೆಂದು ಆ ಕೆಲಸ ಮಾಡಿದವರಿಗೇ ಗೊತ್ತು. ಆದರೆ ಕ್ಯಾಟಲಿಸ್ಟ್ ತನ್ನ ಕೆಲಸ ಮುಗಿಸಿ ಎಲ್ಲಿಗೂ ಹೋಗುವುದಿಲ್ಲ, ಗಟ್ಟಿಯಾದ ಪಾಲಿಯುರೆಥೇನಿನೊಳಗೇ ಉಳಿದು ನಿಧಾನವಾಗಿ ಪಾದರಸದ ಆವಿಯನ್ನು ಬಿಡುತ್ತದೆ. ಅಮೆರಿಕದ ಶಾಲೆಗಳಲ್ಲಿ 1960ರ ದಶಕದಿಂದೀಚೆಗೆ ಹಾಸಿದ ರಬ್ಬರಿನಂಥ ಆಟದ ಮನೆಯ ನೆಲಗಳು ದಶಕಗಳ ನಂತರವೂ ಆವಿ ಬಿಡುತ್ತಿದ್ದುದು ಅಳತೆಯಿಂದಲೇ ತಿಳಿದ ಸಂಗತಿ.

ಗ್ರಾಹಕರಿಗೆ ನಿಜವನ್ನೇ ಬರೆದೆವು. ಅಲ್ಲಿಗೆ ವ್ಯಾಪಾರದ ಮಾತು ಮುಗಿಯಿತೆಂದು ಆಡಳಿತದವರು ಭಾವಿಸಿದ್ದರು. ವರ್ಷಗಟ್ಟಲೆ ಆ ಡಬ್ಬಿ ತೆರೆದು ಅಳೆದು ಸುರಿದವರ ದೇಹದಲ್ಲಿ ಏನಿದೆ ಎಂದು ಕೇಳಿದಾಗ ಮಾತ್ರ ಕೋಣೆ ಸ್ವಲ್ಪ ಬಿಸಿಯಾಯಿತು. ಕೊನೆಗೆ ಮುಂಬೈಯಿಂದ ಔದ್ಯೋಗಿಕ ಆರೋಗ್ಯದಲ್ಲಿ ಅನುಭವವಿದ್ದ ಒಬ್ಬ ಹಿರಿಯ ವೈದ್ಯರನ್ನು ಕರೆಸಲಾಯಿತು.

ಅವರು ಬಂದ ದಿನ ಕಾರ್ಮಿಕರನ್ನು ನೋಡುವ ಮೊದಲೇ ಕೇಳಿದ್ದು, ಇದು ಯಾವ ರೂಪದ ಪಾದರಸ ಎಂದು. ಈ ಪ್ರಶ್ನೆಗೆ ಉತ್ತರವಿಲ್ಲದೆ ಯಾವ ಪರೀಕ್ಷೆ ಮಾಡಬೇಕು, ಯಾವ ಅಂಗವನ್ನು ನೋಡಬೇಕು, ಯಾವ ಗ್ಲೌಸ್ ಕೊಡಬೇಕು ಎಂಬ ಒಂದನ್ನೂ ನಿರ್ಧರಿಸಲಾಗದು ಎಂದರು. ಇಂಗಾಲದೊಡನೆ ಬೆಸೆದಿರುವುದರಿಂದ ಸಾವಯವ ಪಾದರಸ ಎಂದು ಒಂದೇ ಬುಟ್ಟಿಗೆ ಹಾಕುವ ಸಂಯುಕ್ತಗಳಲ್ಲಿ ಮೀಥೈಲ್, ಈಥೈಲ್‌ನಂಥ ಆಲ್ಕೈಲ್ ಗುಂಪಿನವು ಒಂದು ಕಡೆಯಾದರೆ, ಫಿನೈಲ್‌ನಂಥ ಅರೈಲ್ ಗುಂಪಿನವು ಇನ್ನೊಂದು ಕಡೆ. ಮೀಥೈಲ್ ಮರ್ಕ್ಯುರಿ ದೇಹದಲ್ಲಿ ಸುಲಭವಾಗಿ ಒಡೆಯುವುದಿಲ್ಲ. ಕರುಳಿನಿಂದ ಬಹುಪಾಲು ರಕ್ತಕ್ಕೆ ಸೇರಿ ಮೆದುಳನ್ನೂ, ಗರ್ಭಿಣಿಯಾದರೆ ಭ್ರೂಣವನ್ನೂ ತಲುಪುತ್ತದೆ. 1956ರಲ್ಲಿ ಜಪಾನಿನ ಮಿನಮಾಟಾದಲ್ಲಿ ಬೆಳಕಿಗೆ ಬಂದ ರೋಗವೂ, 1971-72ರಲ್ಲಿ ಇರಾಕಿನಲ್ಲಿ ಬಿತ್ತನೆಗೆಂದು ಔಷಧ ಲೇಪಿಸಿದ್ದ ಗೋಧಿಯಿಂದ ರೊಟ್ಟಿ ಮಾಡಿ ತಿಂದವರ ದುರಂತವೂ ಈ ಗುಂಪಿನ ಕೈವಾಡ. ಫಿನೈಲ್ ಮರ್ಕ್ಯುರಿ ಹಾಗಲ್ಲ. ದೇಹದೊಳಗೆ ಬೇಗನೆ ಒಡೆದು ನಿರವಯವ, ಅಂದರೆ ಇಂಗಾಲದ ನಂಟಿಲ್ಲದ, ಪಾದರಸವಾಗಿ ಮೂತ್ರಪಿಂಡದಲ್ಲಿ ಕೂರುತ್ತದೆ. ಆದ್ದರಿಂದಲೇ ಆಗ ಜಾರಿಯಲ್ಲಿದ್ದ ಕಾರ್ಖಾನೆ ಅಧಿನಿಯಮದ ಎರಡನೇ ಅನುಸೂಚಿಯಲ್ಲಿ ಕೆಲಸದ ಗಾಳಿಗೆ ಆಲ್ಕೈಲ್ ಸಂಯುಕ್ತಗಳ ಮಿತಿ ಘನ ಮೀಟರಿಗೆ 0.01 ಮಿಲಿಗ್ರಾಂ, ಅರೈಲ್ ಮತ್ತು ನಿರವಯವ ಸಂಯುಕ್ತಗಳದ್ದು 0.1 ಮಿಲಿಗ್ರಾಂ, ಪಾದರಸದ ಆವಿಯದ್ದು 0.05 ಮಿಲಿಗ್ರಾಂ ಎಂದು ಬೇರೆ ಬೇರೆಯಾಗಿ ನಮೂದಾಗಿತ್ತು.

ಹತ್ತು ಪಟ್ಟು ಸಡಿಲ ಮಿತಿ ಕಂಡು ನಮ್ಮ ಮ್ಯಾನೇಜರ್ ನಿರಾಳವಾದರು. ವೈದ್ಯರು ನಿರಾಳವಾಗಲಿಲ್ಲ. ಫಿನೈಲ್ ಸಂಯುಕ್ತ ಚರ್ಮದ ಮೂಲಕವೂ ಒಳಹೋಗುತ್ತದೆ, ತಾಗಿದ ಕೆಲವು ಗಂಟೆಗಳ ನಂತರ ಕೆಂಪಾಗಿ ಗುಳ್ಳೆ ಏಳಿಸುತ್ತದೆ, ಕಾಯಿಸಿದರೆ ಒಡೆದು ಲೋಹದ ಪಾದರಸದ ಆವಿಯಾಗುತ್ತದೆ, ಹೀಗಾಗಿ ನಿಮ್ಮಲ್ಲಿ ಇರುವುದು ಒಂದು ರೂಪವಲ್ಲ, ಬೆಳಗಿನ ಡಬ್ಬಿಯಲ್ಲಿ ಒಂದು, ಮಧ್ಯಾಹ್ನದ ಓವನ್‌ನಲ್ಲಿ ಇನ್ನೊಂದು ಎಂದರು.

ಗಾಳಿಯ ಅಳತೆ ಮಾಡಿದಾಗ ಅವರ ಮಾತು ಅಕ್ಷರಶಃ ಕಂಡಿತು. ಕೈಗಾರಿಕಾ ನೈರ್ಮಲ್ಯದ ತಂತ್ರಜ್ಞರು ಕಾರ್ಮಿಕರ ಸೊಂಟಕ್ಕೆ ಚಿಕ್ಕ ಪಂಪು ಕಟ್ಟಿ, ಪಾದರಸವನ್ನು ಹಿಡಿದಿಡುವ ಪುಡಿ ತುಂಬಿದ ಗಾಜಿನ ನಳಿಕೆಯನ್ನು ಕಾಲರಿಗೆ ಸಿಕ್ಕಿಸಿ ಇಡೀ ಪಾಳಿ ಓಡಾಡಿಸಿದರು. ಜೊತೆಗೆ ಆಗಿಂದಾಗಲೇ ಅಂಕಿ ತೋರಿಸುವ ಉಪಕರಣವನ್ನೂ ಹಿಡಿದು ಮೂಲೆಮೂಲೆ ಸುತ್ತಿದರು. ನಾವೆಲ್ಲ ಭಯದಿಂದ ನೋಡುತ್ತಿದ್ದ ಮಿಕ್ಸಿಂಗ್ ಟೇಬಲ್ಲಿನ ಮೇಲೆ ಅಂಕಿ ಕಡಿಮೆಯೇ ಇತ್ತು, ಏಕೆಂದರೆ ಆ ಸಂಯುಕ್ತ ತಣ್ಣಗಿದ್ದಾಗ ಹೆಚ್ಚು ಆವಿಯಾಗುವುದಿಲ್ಲ. ಓವನ್ ಬಾಗಿಲು ತೆರೆದು ಮೋಲ್ಡ್ ಎಳೆಯುವ ಗಳಿಗೆಯಲ್ಲಿ ಮಾತ್ರ ಅದು ಆವಿಯ ಮಿತಿಯನ್ನು ದಾಟಿ ಜಿಗಿಯಿತು. ರೋಲರ್‌ಗಳನ್ನು ಗ್ರೈಂಡಿಂಗ್ ಮಾಡುವಲ್ಲಿಯೂ, ಉಜ್ಜುವಿಕೆಯ ಬಿಸಿಯಿಂದಿರಬೇಕು, ನಿರೀಕ್ಷೆಗಿಂತ ಹೆಚ್ಚಿತ್ತು. ಡಬ್ಬಿಯನ್ನೇ ಮುಟ್ಟದ, ಆದ್ದರಿಂದ ನಮ್ಮ ಪಟ್ಟಿಯಲ್ಲೇ ಇಲ್ಲದ ಓವನ್ ಸಹಾಯಕರು ಹೀಗೆ ಪಟ್ಟಿಯ ತಲೆಗೆ ಬಂದರು.

ಒದ್ದೆ ಬಟ್ಟೆಯ ತುಣುಕುಗಳಿಂದ ಒರೆಸಿ ತೆಗೆದ ಮಾದರಿಗಳು ಇನ್ನೊಂದು ಸಂಗತಿ ಹೇಳಿದವು. ಬಾಗಿಲ ಹಿಡಿಕೆ, ಚಹಾ ಗ್ಲಾಸುಗಳ ತಟ್ಟೆ, ಹಾಜರಿ ಪುಸ್ತಕದ ಮೇಜು, ಎಲ್ಲದರ ಮೇಲೂ ಪಾದರಸದ ಕುರುಹು ಇತ್ತು. ನಮ್ಮ ಎರಕದ ವಿಭಾಗದಲ್ಲಿ ಗುತ್ತಿಗೆಯ ಮೇಲಿದ್ದವರು ಬಹಳಷ್ಟು ಜನ ವಿಜಯಪುರ, ಕಲಬುರಗಿ ಕಡೆಯವರು, ಮತ್ತು ತಂಬಾಕು-ಸುಣ್ಣವನ್ನು ಅಂಗೈಯಲ್ಲಿ ತಿಕ್ಕಿ ತುಟಿಯೊಳಗೆ ಇಟ್ಟುಕೊಳ್ಳುವ ರೂಢಿಯವರು. ಅಂಗೈಯಲ್ಲಿ ಏನಿದೆಯೋ ಅದೂ ತಂಬಾಕಿನೊಡನೆ ಬಾಯಿಗೆ ಹೋಗುತ್ತದೆ. ಸಿಂದಗಿ ತಾಲ್ಲೂಕಿನ ಹಿರಿಯರೊಬ್ಬರು ಕೇಳಿದರು: "ಸಾಹೇಬ್ರ, ವಾಸನಿ ಇಲ್ಲ, ಉರಿ ಇಲ್ಲ, ಕಣ್ಣಾಗ ನೀರು ಬರಂಗಿಲ್ಲ. ಇದ್ರಾಗ ಅಂಥಾದ್ದೇನೈತ್ರಿ?" ವಾಸನೆಯಿಲ್ಲದಿರುವುದೇ ಇದರ ತೊಂದರೆ ಕಾಕಾ, ಅಮೋನಿಯಾ ಆಗಿದ್ದರೆ ನೀವೇ ಓಡಿಹೋಗುತ್ತಿದ್ದಿರಿ ಎಂದೆ. ಅವರು ನಕ್ಕರು, ಆದರೆ ಅಂದಿನಿಂದ ತಂಬಾಕಿಗೆ ಮುಂಚೆ ಕೈ ತೊಳೆಯತೊಡಗಿದರು. ಬಿಡಲಿಲ್ಲ ಅನ್ನುವುದು ಬೇರೆ ಮಾತು.

ಇನ್ನು ದೇಹದ ಪರೀಕ್ಷೆ. ಎಲ್ಲರಂತೆ ನಾನೂ ಪರೀಕ್ಷೆಗೆ ಒಳಗಾದೆ. ಫಿನೈಲ್ ರೂಪಕ್ಕೂ ಆವಿಗೂ ಸರಿಯಾದ ಸಾಕ್ಷಿ ಮೂತ್ರ. ಮೀಥೈಲ್ ರೂಪಕ್ಕೆ ಸಾಕ್ಷಿ ರಕ್ತ, ಏಕೆಂದರೆ ಅದು ಹೆಚ್ಚಾಗಿ ಕೆಂಪು ರಕ್ತಕಣಗಳಲ್ಲಿ ಇರುತ್ತದೆ ಮತ್ತು ಮೂತ್ರದಲ್ಲಿ ಅತ್ಯಲ್ಪವೇ ಹೊರಬರುತ್ತದೆ. ಕೂದಲಿನ ಪರೀಕ್ಷೆಯನ್ನು ಯಾರೋ ಸೂಚಿಸಿದಾಗ ವೈದ್ಯರು ಬೇಡವೆಂದರು: ಮೀನಿನ ಮೀಥೈಲ್ ಮರ್ಕ್ಯುರಿ ಕೂದಲಿನೊಳಗೆ ಬೆಳೆಯುತ್ತಲೇ ಸೇರುತ್ತದೆ ನಿಜ, ಆದರೆ ಕಾರ್ಖಾನೆಯ ಧೂಳು ಕೂದಲಿನ ಹೊರಗೆ ಅಂಟಿಕೊಂಡರೆ ಎರಡನ್ನೂ ಬೇರ್ಪಡಿಸುವುದು ಹೇಗೆ? ಮೂತ್ರದ ಮಾದರಿಯನ್ನು ಪಾಳಿಯ ಮೊದಲು, ಸ್ನಾನ ಮಾಡಿ ಮನೆಯ ಬಟ್ಟೆಯಲ್ಲೇ ಬಂದು, ಕಾರ್ಖಾನೆಯ ಗೇಟಿನ ಆಚೆ ಬಾಡಿಗೆಗೆ ಹಿಡಿದ ಕೋಣೆಯಲ್ಲಿ ಕೊಡಬೇಕಾಗಿತ್ತು. ಆಮ್ಲದಲ್ಲಿ ತೊಳೆದ ಪ್ಲಾಸ್ಟಿಕ್ ಡಬ್ಬಿ, ರಕ್ತಕ್ಕೆ ಸೂಕ್ಷ್ಮ ಲೋಹಗಳಿಗೆಂದೇ ಬರುವ ಗಾಢ ನೀಲಿ ಮುಚ್ಚಳದ ನಳಿಕೆ. ಒಬ್ಬರು ನೀರು ಹೆಚ್ಚು ಕುಡಿದಿರುತ್ತಾರೆ, ಇನ್ನೊಬ್ಬರು ಕುಡಿದೇ ಇರುವುದಿಲ್ಲ. ಆ ವ್ಯತ್ಯಾಸ ಸರಿದೂಗಿಸಲು ಫಲಿತಾಂಶವನ್ನು, ದೇಹ ಮೂತ್ರದಲ್ಲಿ ಹೆಚ್ಚುಕಡಿಮೆ ಒಂದೇ ಸಮನೆ ಹೊರಹಾಕುವ ಕ್ರಿಯಾಟಿನಿನ್ ಎಂಬ ವಸ್ತುವಿನ ಒಂದು ಗ್ರಾಂಗೆ ಇಷ್ಟು ಮೈಕ್ರೋಗ್ರಾಂ ಎಂದು ಲೆಕ್ಕ ಹಾಕುತ್ತಾರೆ. ಕೈಗಾರಿಕಾ ನೈರ್ಮಲ್ಯ ತಜ್ಞರ ಅಮೆರಿಕದ ಸಂಸ್ಥೆಯಾದ ಎಸಿಜಿಐಎಚ್ ಮೊದಲು 35 ಎಂದಿದ್ದ ಸೂಚ್ಯಂಕವನ್ನು ಈಗ 20ಕ್ಕೆ ಇಳಿಸಿದೆ. ವೈದ್ಯರು 20ನ್ನೇ ಹಿಡಿದರು.

ಪ್ರಶ್ನಾವಳಿ ಮರಾಠಿಯಲ್ಲಿತ್ತು, ನಮ್ಮ ಕಡೆಯವರಿಗೆ ನಾನು ಓದಿ ಹೇಳುತ್ತಿದ್ದೆ. ಮೀನು ತಿನ್ನುತ್ತೀರಾ, ಹಲ್ಲಿಗೆ ಬೆಳ್ಳಿ ಬಣ್ಣದ ತುಂಬುವಿಕೆ ಇದೆಯೇ, ಪಾದರಸ ಸೇರಿಸಿ ಮಾಡುವ ಆಯುರ್ವೇದದ ರಸೌಷಧಿ ತೆಗೆದುಕೊಳ್ಳುತ್ತೀರಾ, ಮುಖಕ್ಕೆ ಬೆಳ್ಳಗಾಗುವ ಕ್ರೀಮ್ ಹಚ್ಚುತ್ತೀರಾ ಎಂಬ ಪ್ರಶ್ನೆಗಳನ್ನು ಕೇಳಿ ಕೆಲವರಿಗೆ ನಗು, ಕೆಲವರಿಗೆ ಸಿಟ್ಟು. ಪ್ಯಾಕಿಂಗ್ ವಿಭಾಗದ ಒಬ್ಬ ತರುಣಿಯ ಮೂತ್ರದಲ್ಲಿ, ಆಕೆ ಎರಕದ ಶೆಡ್ಡಿಗೆ ಕಾಲಿಡದಿದ್ದರೂ, ಪಾದರಸ ಹೆಚ್ಚು ಬಂದಾಗ ಕ್ರೀಮಿನ ಪ್ರಶ್ನೆಯೇ ಉತ್ತರ ಕೊಟ್ಟಿತು. ಪೇಟೆಯಲ್ಲಿ ಸಿಗುವ ಅಂಥ ಕೆಲವು ಕ್ರೀಮುಗಳಲ್ಲಿರುವುದು ನಿರವಯವ ಪಾದರಸ, ಅದೂ ಮೂತ್ರಪಿಂಡದ ಶತ್ರುವೇ.

ಕಾರವಾರದ ನಮ್ಮ ಸ್ಟೋರ್ಸ್ ಸಹೋದ್ಯೋಗಿಯದು ಇದಕ್ಕೆ ತದ್ವಿರುದ್ಧ. ಅವರ ರಕ್ತದ ಅಂಕಿ ಎಲ್ಲರಿಗಿಂತ ಮೇಲೆ, ಮೂತ್ರದ ಅಂಕಿ ಎಲ್ಲರಿಗಿಂತ ಕೆಳಗೆ. "ಏನ್ ಮಾರಾಯ್ರೇ, ಲ್ಯಾಬಿನವರು ಹೇಳಿದ ಹಾಗೆ ಮೂರು ದಿನ ಮೀನು ಮುಟ್ಟಲಿಲ್ಲವಲ್ಲ ನಾನು" ಎಂದು ಅವರ ಗೋಳು. ಲ್ಯಾಬಿನ ಆ ಮೂರು ದಿನಗಳ ಪಥ್ಯ ಮೀನಿನಿಂದ ಬರುವ ಆರ್ಸೆನಿಕ್‌ಗೆ ಸರಿಹೊಂದುತ್ತದೆಯೇ ಹೊರತು ಮೀಥೈಲ್ ಮರ್ಕ್ಯುರಿಗಲ್ಲ. ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯಲು ಸುಮಾರು 50 ದಿನ ಬೇಕು. ಜೀವಮಾನವಿಡೀ ಇಸ್ವಾಣ ಮೀನು ತಿಂದವರ ರಕ್ತ ಮೂರು ದಿನಕ್ಕೆ ಬದಲಾಗದು. ರಕ್ತವೊಂದನ್ನೇ ನೋಡಿದ್ದರೆ ಅವರನ್ನು ಕೆಲಸದಿಂದ ಎತ್ತಿ ಆಸ್ಪತ್ರೆಗೆ ಕಳುಹಿಸಿ, ಓವನ್ ಮುಂದೆ ನಿಂತ ಸಸ್ಯಾಹಾರಿಗಳನ್ನು ಆರೋಗ್ಯವಂತರೆಂದು ಬಿಟ್ಟುಬಿಡುವ ಅಪಾಯವಿತ್ತು. ಕಂಪನಿಗಳ ವಾರ್ಷಿಕ ತಪಾಸಣೆಯಲ್ಲಿ ಹೆವಿ ಮೆಟಲ್ ಪ್ಯಾಕೇಜ್ ಎಂದು ಮಾರುವ ರಕ್ತಪರೀಕ್ಷೆಗಳ ಬಗ್ಗೆ ನನಗೆ ಅಂದಿನಿಂದ ಅಷ್ಟು ಗೌರವ ಉಳಿದಿಲ್ಲ.

ಓವನ್‌ನ ಇಬ್ಬರ ಮತ್ತು ಗ್ರೈಂಡಿಂಗ್‌ನ ಒಬ್ಬರ ಮೂತ್ರದಲ್ಲಿ ಪಾದರಸ ಸೂಚ್ಯಂಕಕ್ಕಿಂತ ಮೇಲಿತ್ತು. ನನ್ನದು ಏರಿತ್ತಾದರೂ ಕೆಳಗೇ ಇತ್ತು. ಆಮೇಲೆ ನಡೆದದ್ದು ನರಗಳ ತಪಾಸಣೆ: ಕಣ್ಣು ಮುಚ್ಚಿ ನಿಲ್ಲುವುದು, ಹಿಮ್ಮಡಿಗೆ ಕಾಲ್ಬೆರಳು ತಾಗಿಸುತ್ತ ಗೆರೆಯ ಮೇಲೆ ನಡೆಯುವುದು, ಮೂಗಿನಿಂದ ವೈದ್ಯರ ಬೆರಳಿಗೆ ಬೆರಳು ಮುಟ್ಟಿಸುವುದು, ಸುರುಳಿ ಬರೆಯುವುದು, ಪಕ್ಕದಿಂದ ಬರುವ ಪೆನ್ನು ಎಲ್ಲಿ ಕಾಣತೊಡಗುತ್ತದೆ ಎಂದು ಹೇಳುವುದು. ದೃಷ್ಟಿ ಅಂಚಿನಿಂದ ಕುಗ್ಗುತ್ತ ಬರುವುದು, ನಡಿಗೆ ತಪ್ಪುವುದು, ಮಾತು ತೊದಲುವುದು, ಇವು ಆಲ್ಕೈಲ್ ವಿಷದ ಲಕ್ಷಣಗಳೆಂದು ವೈದ್ಯಶಾಸ್ತ್ರಕ್ಕೆ ಸ್ಪಷ್ಟವಾಗಿ ತಿಳಿದದ್ದೇ ಕಾರ್ಖಾನೆಯಿಂದ. ಬಿತ್ತನೆ ಬೀಜಕ್ಕೆ ಲೇಪಿಸುವ ಮೀಥೈಲ್ ಮರ್ಕ್ಯುರಿ ತಯಾರಿಸುತ್ತಿದ್ದ ಇಂಗ್ಲೆಂಡಿನ ನಾಲ್ವರು ಕಾರ್ಮಿಕರನ್ನು ಪರೀಕ್ಷಿಸಿ ಹಂಟರ್, ಬಾಮ್‌ಫರ್ಡ್ ಮತ್ತು ರಸೆಲ್ 1940ರಲ್ಲಿ ವರದಿ ಬರೆದಿದ್ದರು. ನಮ್ಮವರಲ್ಲಿ ಅಂಥದ್ದು ಯಾರಿಗೂ ಇರಲಿಲ್ಲ, ಇರಬೇಕಾದ್ದೂ ಇರಲಿಲ್ಲ. ಆದರೂ ನೋಡದೆ ಬಿಡುವಂತಿಲ್ಲ ಎಂಬುದು ವೈದ್ಯರ ನಿಲುವು. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ ಎಂಬ ಪರೀಕ್ಷೆ ನಮ್ಮ ಮಟ್ಟಿಗೆ ಹೆಚ್ಚು ಮುಖ್ಯವಾಗಿತ್ತು, ಮತ್ತು ಓವನ್‌ನ ಒಬ್ಬರಲ್ಲಿ ಅದು ಹೋಗುತ್ತಿತ್ತು.

ಆಗ ಆಡಳಿತದ ಕಡೆಯಿಂದ, ಅವರನ್ನು ಬೇರೆ ವಿಭಾಗಕ್ಕೆ ಹಾಕಿ ಸುಮ್ಮನಿರೋಣ ಎಂಬ ಸಲಹೆ ಬಂತು. ಪಾದರಸದ ವಿಷಬಾಧೆ ಕಾರ್ಖಾನೆ ಅಧಿನಿಯಮದ ಮೂರನೇ ಅನುಸೂಚಿಯಲ್ಲಿದ್ದ ರೋಗ. 89ನೇ ಕಲಮಿನಂತೆ ಅದನ್ನು ಕಂಡ ವೈದ್ಯರೂ ಮುಖ್ಯ ಕಾರ್ಖಾನೆ ನಿರೀಕ್ಷಕರಿಗೆ ತಿಳಿಸಲೇಬೇಕಿತ್ತು. ತಾನು ಬರೆಯುತ್ತೇನೆ, ಕಂಪನಿಯೂ ಬರೆದರೆ ಕಂಪನಿಗೇ ಒಳ್ಳೆಯದು ಎಂದು ವೈದ್ಯರು ತಣ್ಣಗೆ ಹೇಳಿದ ಮೇಲೆ ಪತ್ರ ಹೋಯಿತು.

ಮೂವರನ್ನೂ ಕೂಡಲೇ ಓವನ್, ಗ್ರೈಂಡಿಂಗ್‌ಗಳಿಂದ ದೂರವಿಟ್ಟರು. ವಿಷ ತೆಗೆಯುವ ಔಷಧ ಕೊಡುವುದಿಲ್ಲವೇ ಎಂದು ಎಲ್ಲರೂ ಕೇಳಿದರು. ಈ ಮಟ್ಟಕ್ಕೆ ಅದು ಅನಗತ್ಯ, ಸಂಪರ್ಕ ನಿಂತರೆ ದೇಹವೇ ಹೊರಹಾಕುತ್ತದೆ, ಸುಮಾರು ಎರಡು ತಿಂಗಳಿಗೆ ಅರ್ಧ ಇಳಿಯುತ್ತದೆ ಎಂದರು ವೈದ್ಯರು. ಇಲ್ಲಿಯೂ ರೂಪದ ಪ್ರಶ್ನೆ ಇದೆ: ಲೋಹ ವಿಷಕ್ಕೆ ಹಳೆಯ ಮದ್ದಾದ ಬಿಎಎಲ್ ಚುಚ್ಚುಮದ್ದನ್ನು ಮೀಥೈಲ್ ಮರ್ಕ್ಯುರಿಗೆ ಕೊಡಬಾರದು, ಪಾದರಸವನ್ನು ಮೆದುಳಿನ ಕಡೆಗೆ ಸಾಗಿಸುವ ಭಯವಿದೆ. ಮೂತ್ರಪಿಂಡದ ತಜ್ಞರಲ್ಲಿಗೆ ಹೋಗುತ್ತಿದ್ದ ಸಹಾಯಕರ ಪ್ರೋಟೀನ್ ಕ್ರಮೇಣ ನಿಂತಿತು.

ಗ್ಲೌಸಿನ ವಿಷಯದಲ್ಲಿ ಎಲ್ಲರಿಗೂ ಅವಸರವಿತ್ತು, ಏಕೆಂದರೆ ಅದು ಅಗ್ಗ. ನಾನು ಹಿಂದೆ ಓದಿದ್ದ ಕ್ಯಾರೆನ್ ವೆಟರ್‌ಹಾನ್ ಅವರ ಪ್ರಕರಣವನ್ನು ಸಭೆಯಲ್ಲಿ ಹೇಳಿದೆ. ಡಾರ್ಟ್‌ಮತ್ ಕಾಲೇಜಿನ ಆ ರಸಾಯನಶಾಸ್ತ್ರಜ್ಞೆ 1996ರ ಆಗಸ್ಟ್‌ನಲ್ಲಿ ಪ್ರಯೋಗಾಲಯದ ಗಾಳಿ ಎಳೆಯುವ ಹುಡ್‌ನೊಳಗೆ ಕೆಲಸ ಮಾಡುತ್ತಿದ್ದಾಗ ಡೈಮೀಥೈಲ್ ಮರ್ಕ್ಯುರಿಯ ಕೆಲವು ಹನಿಗಳು ಅವರ ಲೇಟೆಕ್ಸ್ ಗ್ಲೌಸಿನ ಮೇಲೆ ಬಿದ್ದವು. ತಿಂಗಳುಗಟ್ಟಲೆ ಏನೂ ಆಗಲಿಲ್ಲ. ಮುಂದಿನ ಜನವರಿಯ ಹೊತ್ತಿಗೆ ನಡಿಗೆ, ಮಾತು ತಪ್ಪಿ 1997ರ ಜೂನ್ 8ರಂದು ತೀರಿಕೊಂಡರು. ಆಮೇಲೆ ಪರೀಕ್ಷಿಸಿದಾಗ ಆ ದ್ರವ ಅಂಥ ಗ್ಲೌಸನ್ನು 15 ಸೆಕೆಂಡಿನೊಳಗೆ ದಾಟುತ್ತದೆಂದು ತಿಳಿಯಿತು. ನಮ್ಮ ಸಂಯುಕ್ತ ಅಷ್ಟು ಭೀಕರವಲ್ಲ, ಆದರೆ ನಮ್ಮ ನೈಟ್ರೈಲ್ ಗ್ಲೌಸಿನ ತಯಾರಕರು ಕೊಟ್ಟ ಕೋಷ್ಟಕದಲ್ಲಿ ನಮ್ಮ ಕ್ಯಾಟಲಿಸ್ಟಿನ ಹೆಸರೇ ಇರಲಿಲ್ಲ. ಪದರುಗಳ ಲ್ಯಾಮಿನೇಟ್ ಗ್ಲೌಸ್ ಒಳಗೆ, ದಪ್ಪ ನಿಯೋಪ್ರೀನ್ ಹೊರಗೆ ಎಂದು ತಾತ್ಕಾಲಿಕವಾಗಿ ನಿರ್ಧರಿಸಿದೆವು. ಓವನ್ ಬಾಯಿಗೆ ಗಾಳಿ ಎಳೆಯುವ ಹುಡ್ ಕೂರಿಸಿದ್ದು ಅದಕ್ಕಿಂತ ಹೆಚ್ಚು ಉಪಯೋಗವಾಯಿತು.

ನಿಜವಾದ ಪರಿಹಾರ ಕ್ಯಾಟಲಿಸ್ಟನ್ನೇ ಬಿಡುವುದು, ಅದು ನನ್ನ ತಲೆಯ ಮೇಲೆ ಬಂತು. ಬಿಸ್ಮತ್ ಎಂಬ ಲೋಹದ ಕ್ಯಾಟಲಿಸ್ಟ್ ಹಾಕಿದರೆ ಮಿಶ್ರಣ ಬಕೆಟ್ಟಿನಲ್ಲೇ ಗಟ್ಟಿಯಾಗತೊಡಗಿತು. ಪ್ರಮಾಣ ಇಳಿಸಿದರೆ ಓವನ್‌ನಿಂದ ತೆಗೆದಾಗಲೂ ಅಂಟಂಟು. ಜುಲೈ ತಿಂಗಳ ಮಳೆಯಲ್ಲಿ ರೋಲರಿನ ಮೈತುಂಬ ಸೂಜಿ ಚುಚ್ಚಿದಂಥ ಗುಳ್ಳೆಗಳು, ಮಾರಾಟ ವಿಭಾಗದವರಿಂದ ದಿನಾ ಮಾತು. ಪಾಲಿಯಾಲನ್ನು ನಿರ್ವಾತದಲ್ಲಿ ಬಿಸಿ ಮಾಡಿ ತೇವ ತೆಗೆಯುವುದು, ಉಳಿದ ತೇವ ಹೀರಲು ಮಾಲೆಕ್ಯುಲರ್ ಸೀವ್ ಪುಡಿ ಬೆರೆಸುವುದು, ಮೋಲ್ಡನ್ನು ಮೊದಲೇ ಕಾಯಿಸುವುದು, ದೊಡ್ಡ ರೋಲರಿಗೆ ಕೈಮಿಶ್ರಣ ಬಿಟ್ಟು ಯಂತ್ರದಿಂದ ಬೆರೆಸುವುದು, ಇಷ್ಟೆಲ್ಲ ಸೇರಿದಾಗ ಕೆಲಸ ಸಾಲಿಗೆ ಬಂತು. ಕೇಬಲ್ ರಾಳಕ್ಕೆ ಬಿಸ್ಮತ್ ಬೇಗ ಒಗ್ಗಿತು. ಪಾದರಸ ಮಾಡುತ್ತಿದ್ದ ಕೆಲಸವನ್ನು ಇನ್ನೊಂದು ಡಬ್ಬಿ ಮಾಡಲಿಲ್ಲ, ಮೊದಲೇ ಇರಬೇಕಾಗಿದ್ದ ಒಣ ಪಾಲಿಯಾಲ್ ಮತ್ತು ಶಿಸ್ತು ಮಾಡಿತು ಎಂದು ನನ್ನ ಅಭಿಪ್ರಾಯ.

ಉಳಿದ ಡಬ್ಬಿಗಳನ್ನೂ, ಒರೆಸಿದ ಬಟ್ಟೆ, ಗ್ರೈಂಡಿಂಗ್ ಧೂಳನ್ನೂ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಂತೆ ದಾಖಲೆ ಬರೆದು ರಾಂಜಣಗಾಂವ್‌ನ ವಿಲೇವಾರಿ ಕೇಂದ್ರಕ್ಕೆ ಕಳುಹಿಸಿದೆವು. ಅದಕ್ಕಿಂತ ಕಷ್ಟವಾದದ್ದು ಕಾರ್ಮಿಕರ ಮನೆಗಳಲ್ಲಿದ್ದ ಎರಕದ ತುಂಡುಗಳು. ಅಡಿಕೆ ಇಡಲು, ಬಾಗಿಲಿಗೆ ಅಡ್ಡ ಇಡಲು ಒಯ್ದವರಿದ್ದರು. ಸ್ನಾನದ ಬಂಬಿನ ಒಲೆಗೆ ಹಾಕಿದವರೂ ಇದ್ದರು. ಉರಿಸಿದರೆ ಪಾದರಸವಷ್ಟೂ ಆವಿಯಾಗಿ ಆ ಸಣ್ಣ ಖೋಲಿಯಲ್ಲೇ ಸುತ್ತುತ್ತದೆ. ಖೋಲಿಖೋಲಿಗೆ ಹೋಗಿ ಹೆಂಗಸರಿಗೆ ಹೇಳಿ, ಚೀಲ ಹಿಡಿದು ತಿರುಗಿ ಸಂಗ್ರಹಿಸಿದೆವು.

ಸಂಪರ್ಕ ನಿಂತ ಮೇಲೂ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಬೇಕು, ಆರೋಗ್ಯದ ದಾಖಲೆ ಕಾರ್ಮಿಕರಿಗೆ ಸಿಗುವಂತಿರಬೇಕು ಎಂದು ಆ ಅಧಿನಿಯಮದ 41ಸಿ ಕಲಮು ಹೇಳುತ್ತಿತ್ತು. ಗುತ್ತಿಗೆಯವರು ಸುಗ್ಗಿಗೆ ಊರಿಗೆ ಹೋದರೆ ಮತ್ತೆ ಇದೇ ಕಾರ್ಖಾನೆಗೆ ಬರುತ್ತಾರೆಂಬ ಖಾತ್ರಿಯಿಲ್ಲ. ಆದ್ದರಿಂದ ಪ್ರತಿಯೊಬ್ಬರ ಮೂತ್ರದ ಅಂಕಿ, ದಿನಾಂಕ, ಸಂಯುಕ್ತದ ಪೂರ್ತಿ ಹೆಸರು ಇರುವ ಒಂದು ಹಾಳೆಯನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಟೈಪ್ ಮಾಡಿಸಿ, ಪ್ಲಾಸ್ಟಿಕ್ ಹಾಕಿಸಿ ಕೈಗೆ ಕೊಟ್ಟೆವು. ಸಿಂದಗಿಯ ಕಾಕಾ ತಮ್ಮ ಹಾಳೆಯನ್ನು ಆಧಾರ್ ಕಾರ್ಡಿನ ಜೊತೆ ಸೇರಿಸಿಟ್ಟುಕೊಂಡು, ಊರಿನ ಡಾಕ್ಟರಿಗೆ ಇದನ್ನು ತೋರಿಸಿದರೆ ಅವರಿಗೆ ತಿಳಿಯುತ್ತದೆಯೇ ಎಂದು ಕೇಳಿದರು. ಹಾಳೆಯ ಹಿಂಬದಿಯಲ್ಲಿ, ಇದು ಫಿನೈಲ್ ರೂಪ, ನೋಡಬೇಕಾದದ್ದು ಮೂತ್ರ ಮತ್ತು ಮೂತ್ರಪಿಂಡ ಎಂಬ ಎರಡು ಸಾಲುಗಳನ್ನು ವೈದ್ಯರ ಸಹಿಯೊಂದಿಗೆ ಸೇರಿಸಿದ್ದು ಆ ಪ್ರಶ್ನೆಯ ನಂತರ.